ತಪ್ಪಿನ ಒಡೆತನ: ವಾಂಡಾ ಮತ್ತು ಅಬ್ಬಗ

ಅತಿಮಾನುಷ ಶಕ್ತಿಯ ನಾಯಕಿಯೊಬ್ಬಳು ತನ್ನ ಹಿಂದಿನ ತಪ್ಪಿಗೆ ಮುಖಾಮುಖಿಯಾಗುವುದು ಅಮೆರಿಕದ ಮಾರ್ವೆಲ್ ಸಂಸ್ಥೆಯ ‘ಅವೆಂಜರ್ಸ್: ದ ಚಿಲ್ಡ್ರನ್ಸ್ ಕ್ರುಸೇಡ್’ (2010-12) ಚಿತ್ರಕಥೆಯ ವಸ್ತು. ಒಂಬತ್ತು ಸಂಚಿಕೆಗಳ ಈ ಮಾಲಿಕೆಯನ್ನು ಅಲನ್ ಹೈನ್‌ಬರ್ಗ್ ಬರೆದರು, ಜಿಮ್ ಚೆಯುಂಗ್ ಚಿತ್ರಿಸಿದರು. ನಾಯಕಿ ಸ್ಕಾರ್ಲೆಟ್ ವಿಚ್ ಎಂದು ಹೆಸರಾದ ವಾಂಡಾ. 2004-05ರ ಕಥೆಗಳಲ್ಲಿ, ಮಕ್ಕಳನ್ನು ಕಳೆದುಕೊಂಡ ದುಃಖದಿಂದ ಮನಸ್ಸು ಕದಡಿದ ಅವಳು ಸಂಗಾತಿಗಳ ಸಾವಿಗೆ ಕಾರಣಳಾಗುತ್ತಾಳೆ; ಮ್ಯೂಟೆಂಟ್ ಜನಾಂಗದ ಬಹುಪಾಲಿನ ಶಕ್ತಿಯನ್ನು ಒಂದೇ ಮಾತಿನಿಂದ ಅಳಿಸುತ್ತಾಳೆ. ಇಂಥವಳು ಮರಳಿ ಬಂದಾಗ ನೊಂದವರಿಗೆ ಏನು ಉತ್ತರ ಕೊಡಬೇಕು? ಕೃತಿ ಎತ್ತುವ ಗಂಭೀರ ಪ್ರಶ್ನೆಯಿದು.

ಆದರೆ ಉತ್ತರದ ಹೊಣೆಯಿಂದ ಕೃತಿ ನುಣುಚಿಕೊಳ್ಳುತ್ತದೆ. ಆರಂಭದಲ್ಲಿ ವಾಂಡಾಗೆ ನೆನಪೇ ಇಲ್ಲ. ನೆನಪು ಮರಳಿ ವಿಚಾರಣೆಯ ಗಳಿಗೆ ಒದಗಿದಾಗ, ಖಳನಾಯಕ ಡಾಕ್ಟರ್ ಡೂಮ್ ಎಲ್ಲಕ್ಕೂ ತಾನೇ ಕಾರಣನೆಂದು ಘೋಷಿಸುತ್ತಾನೆ. ಅವಳಿಂದಾಗಿ ತಂದೆಯನ್ನು ಕಳೆದುಕೊಂಡಿದ್ದ ಕ್ಯಾಸಿಗೆ ತಂದೆ ಮರಳಿ ದೊರೆಯುತ್ತಾನೆ. ಅನಂತರ ಕ್ಯಾಸಿಯೇ ಡೂಮ್‌ನ ಕೈಯಲ್ಲಿ ಸಾಯುತ್ತಾಳೆ. ಪ್ರಶ್ನೆ ಕೇಳುವ ಹಕ್ಕುಳ್ಳವಳೇ ಇಲ್ಲವಾಗುತ್ತಾಳೆ. ಶಕ್ತಿವಂತೆಯಾದ ಹೆಣ್ಣು ಹುಚ್ಚಿಯಾಗುತ್ತಾಳೆಂಬ ಹಿಂದಿನ ಕಥೆಯ ಪೂರ್ವಗ್ರಹವನ್ನು ತಿದ್ದುವ ಆಶಯ ಇಲ್ಲಿದ್ದಿರಬಹುದು. ಆದರೆ ತಪ್ಪನ್ನು ಗಂಡಿಗೆ ವರ್ಗಾಯಿಸುವಾಗ ಅವಳ ಕರ್ತೃತ್ವವೂ ಅವನಿಗೇ ಸಲ್ಲುತ್ತದೆ. ಚೆಯುಂಗ್‌ರ ನುರಿತ ರೇಖೆಗಳು ಈ ಕೊರತೆಯನ್ನು ತುಂಬಲಾರವು.

ಕಡಬ, ಪುತ್ತೂರು, ಸುಳ್ಯವನ್ನೊಳಗೊಂಡ ತುಳುನಾಡಿನ ಸಿರಿ ಕಥನವನ್ನು ಇದರೊಡನೆ ಇಟ್ಟು ನೋಡಬಹುದು. ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯದ 15,683 ಸಾಲುಗಳ ಪಾಠವನ್ನು ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ಸಹಯೋಗದಲ್ಲಿ 1998ರಲ್ಲಿ ಪ್ರಕಟಿಸಿದರು. ಸಿರಿಯ ಮೊಮ್ಮಕ್ಕಳಾದ ಅಬ್ಬಗ-ದಾರಗರು ಚೆನ್ನೆಯಾಡುವಾಗ ಜಗಳವಾಗಿ, ಅಬ್ಬಗ ಚೆನ್ನೆಮಣೆಯಿಂದ ತಂಗಿಯನ್ನು ಹೊಡೆಯುತ್ತಾಳೆ. ದಾರಗ ಸಾಯುತ್ತಾಳೆ. ಅವಳ ದೇಹವನ್ನು ಬಾವಿಗಿಳಿಸಿ ಅಬ್ಬಗ ತಾನೂ ಹಾರುತ್ತಾಳೆ.

ಇಲ್ಲಿಯೂ ಹೊರಗಿನ ಕಾರಣವೊಂದಿದೆ: ಹಿರಿಯರು ಬೆರ್ಮೆರಿಗೆ ಹೊತ್ತ ಹರಕೆಯನ್ನು ಮರೆತಿದ್ದಾರೆ. ಡೂಮ್‌ನ ತಪ್ಪೊಪ್ಪಿಗೆಯಂತೆ ಇದನ್ನೂ ಬಿಡುಗಡೆಯ ದಾರಿಯಾಗಿ ಬಳಸಬಹುದಿತ್ತು. ಕಥನ ಹಾಗೆ ಮಾಡುವುದಿಲ್ಲ. ದೈವಸಂಕಲ್ಪವೂ ಮಣೆ ಹಿಡಿದ ಕೈಯೂ ಏಕಕಾಲಕ್ಕೆ ನಿಜವಾಗಿ ಉಳಿಯುತ್ತವೆ. ಅಬ್ಬಗಳ ಆತ್ಮನಾಶವನ್ನು ಆದರ್ಶವೆನ್ನಬೇಕಾಗಿಲ್ಲ. ಆಕೆ ತನ್ನ ಕೃತ್ಯವನ್ನು ಬೇರೆಯವರ ಮೇಲೆ ಹೊರಿಸುವುದಿಲ್ಲವೆಂಬುದು ಮುಖ್ಯ. ಬಾವಿಯೊಂದಿಗೆ ಆಕೆಯ ಕಥೆ ಮುಗಿಯುವುದೂ ಇಲ್ಲ. ಸಿರಿಜಾತ್ರೆಗಳಲ್ಲಿ ಮೈದುಂಬಿದ ಹೆಂಗಸರು ತಮ್ಮನ್ನು ಅಬ್ಬಗ, ದಾರಗ ಎಂದು ಹೇಳಿಕೊಳ್ಳುತ್ತಾರೆ. ಕುಮಾರ ಅವರನ್ನು ಮಾತಾಡಿಸುತ್ತಾನೆ. ಕೊಂದವಳಿಗೂ ಸತ್ತವಳಿಗೂ ಅಲ್ಲಿ ದನಿಯಿದೆ.

ಚಿತ್ರಕಥೆಯ ಕೊನೆಯಲ್ಲಿ ವಾಂಡಾ ಯಾರ ಜೊತೆಯನ್ನೂ ಒಲ್ಲದೆ ಒಬ್ಬಳೇ ಹೊರಡುತ್ತಾಳೆ. ಹೊರುವ ಭಾರವನ್ನು ಕೃತಿಯೇ ಇಳಿಸಿಬಿಟ್ಟಿರುವುದರಿಂದ ಆ ಒಂಟಿತನ ಓದುಗನನ್ನು ಕಾಡುವುದಿಲ್ಲ. ಅಪರಾಧಪ್ರಜ್ಞೆಯ ಕಥನವು ಪಾತ್ರವನ್ನು ಪ್ರೀತಿಸಬಹುದು, ಕ್ಷಮಿಸಲೂಬಹುದು. ಆದರೆ ಅದರ ತಪ್ಪನ್ನು ಅದರಿಂದ ಕಸಿದುಕೊಳ್ಳಬಾರದು.