ಹೊಸ ಲ್ಯಾಪ್‌ಟಾಪಿನ ಹಳೆಯ ಉಬುಂಟು: ಮೊದಲ ವಾರದಲ್ಲೇ ಮೇಲ್ದರ್ಜೆಗೆ ಏರಿಸಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರು ಬೆಳಗಾವಿ, ಹುಬ್ಬಳ್ಳಿಯ ಅಂಗಡಿಗಳಲ್ಲೋ ಆನ್‌ಲೈನಿನಲ್ಲೋ ಲ್ಯಾಪ್‌ಟಾಪ್ ಕೊಳ್ಳುವಾಗ ವಿಂಡೋಸ್ ಲೈಸೆನ್ಸಿನ ಹಣ ಉಳಿಯಲಿ ಎಂದು ಉಬುಂಟು ಲಿನಕ್ಸ್ ಇರುವ ಮಾದರಿ ಆರಿಸುವುದುಂಟು. ಡೆಲ್‌ನಂಥ ಕಂಪನಿಗಳು ಇಂಥ ಮಾದರಿಗಳನ್ನು ಭಾರತದಲ್ಲಿ ವರ್ಷಗಳಿಂದ ಮಾರುತ್ತಿವೆ. ಯಂತ್ರ ಮನೆಗೆ ಬಂದ ಮೇಲೆ ಎರಡು ಬಗೆಯ ಸಲಹೆ ಸಿಗುತ್ತದೆ. ಎಲ್ಲ ಅಳಿಸಿ ಲೈಸೆನ್ಸಿಲ್ಲದ ವಿಂಡೋಸ್ ಹಾಕಿಸಿ ಎನ್ನುವುದು ಒಂದು, ನಡೆಯುತ್ತಿರುವುದನ್ನು ಮುಟ್ಟಬೇಡಿ ಎನ್ನುವುದು ಇನ್ನೊಂದು. ಮೊದಲನೆಯದು ಕಾನೂನಿಗೆ ವಿರುದ್ಧ, ಕ್ರ್ಯಾಕ್ ಮಾಡಿದ ಪ್ರತಿಯೊಂದಿಗೆ ವೈರಸ್ಸನ್ನೂ ಕರೆತರಬಹುದು. ಎರಡನೆಯದು ವಿವೇಕದ ಮಾತಿನಂತೆ ಕೇಳಿಸುತ್ತದೆ, ಆದರೆ ಹೊಸ ಯಂತ್ರದ ಮಟ್ಟಿಗೆ ಅದೂ ಸರಿಯಲ್ಲ. ಉಬುಂಟುವನ್ನು ಮೇಲ್ದರ್ಜೆಗೆ ಏರಿಸಲು ಮೊದಲ ವಾರಕ್ಕಿಂತ ಒಳ್ಳೆಯ ಸಮಯವಿಲ್ಲ. ಆಗ ಯಂತ್ರದಲ್ಲಿ ನಿಮ್ಮ ಫೋಟೋ, ಪ್ರಾಜೆಕ್ಟ್ ವರದಿ, ಅಂಕಪಟ್ಟಿ ಯಾವುದೂ ಇರುವುದಿಲ್ಲ. ಕೆಟ್ಟರೆ ಕಳೆದುಕೊಳ್ಳುವುದು ಒಂದು ಸಂಜೆ ಮಾತ್ರ.

ಹೊಸ ಯಂತ್ರದಲ್ಲಿ ಹಳೆಯ ಆವೃತ್ತಿ ಇರುವುದಕ್ಕೆ ಕಾರಣವಿದೆ. ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿ, ಅಂದರೆ ಎಲ್‌ಟಿಎಸ್, ಎರಡು ವರ್ಷಕ್ಕೊಮ್ಮೆ ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುತ್ತದೆ. ಕಂಪನಿ ಆ ಹೊತ್ತಿಗೆ ಪರೀಕ್ಷಿಸಿದ ಆವೃತ್ತಿಯನ್ನೇ ಒಂದು ಮಾದರಿಗೆ ಹಾಕುತ್ತದೆ, ಆ ಸರಕು ಗೋದಾಮಿನಲ್ಲಿ ಕೂತಷ್ಟೂ ಒಳಗಿನ ವ್ಯವಸ್ಥೆ ಹಳೆಯದಾಗುತ್ತದೆ. ಪ್ರತಿ ಎಲ್‌ಟಿಎಸ್‌ಗೆ 5 ವರ್ಷ ಭದ್ರತಾ ಪರಿಷ್ಕರಣೆ ಸಿಗುತ್ತದೆ. 20.04 ಆವೃತ್ತಿಯ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿದಿದೆ, 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಇದೆ. ಪದವಿಗೆ ಸೇರುವ ವಿದ್ಯಾರ್ಥಿಗೆ ಈ ಅಂತರ ದೊಡ್ಡದು: ಬೆಂಬಲ ನಡುವೆ ಮುಗಿದರೆ, ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ತುಂಬಿಕೊಂಡ ಯಂತ್ರದ ಮೇಲೆ ಇದೇ ಕೆಲಸ ಮಾಡಬೇಕಾಗುತ್ತದೆ.

ಕಂಪನಿ ಪರೀಕ್ಷಿಸಿ ಕೊಟ್ಟದ್ದನ್ನು ಬದಲಿಸಿದರೆ ವೈಫೈ, ಕ್ಯಾಮೆರಾ, ಧ್ವನಿ ಕೈಕೊಟ್ಟರೆ ಎಂಬುದು ಗಂಭೀರ ಆಕ್ಷೇಪ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಆ ಯಂತ್ರಾಂಶಕ್ಕೆಂದೇ ಹೊಂದಿಸಿದ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಇರುವುದುಂಟು, ಆದ್ದರಿಂದ ಈ ಭಯ ಸುಳ್ಳಲ್ಲ. ಆದರೆ ಉತ್ತರವನ್ನು ಮುಂಚೆಯೇ ಪರೀಕ್ಷಿಸಿ ತಿಳಿಯಬಹುದು. ಹೊಸ ಆವೃತ್ತಿಯ ಐಎಸ್ಒ ಕಡತವನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದ ಯಂತ್ರ ಚಾಲೂ ಮಾಡಿ, ‘ಟ್ರೈ ಉಬುಂಟು’ ಒತ್ತಿ. ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ ಹತ್ತುತ್ತದೆಯೇ, ಸ್ಪೀಕರ್ ನುಡಿಯುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಪರದೆ ಎಚ್ಚರಗೊಳ್ಳುತ್ತದೆಯೇ ನೋಡಿ. ಎಲ್ಲವೂ ನಡೆದರೆ ಮುಂದುವರಿಯಲು ಆಧಾರ ಸಿಕ್ಕಂತೆ. ಕಡತ ಸುಮಾರು 6 ಜಿಬಿ ಇರುವುದರಿಂದ ಫೈಬರ್ ಸಂಪರ್ಕವಿರುವ ಗೆಳೆಯರ ಮನೆಯಲ್ಲಿ ಇಳಿಸಿಕೊಳ್ಳುವುದು ಲೇಸು. ಮತ್ತೊಂದು ಪೆನ್‌ಡ್ರೈವಿನಲ್ಲಿ ಕಂಪನಿಯ ರಿಕವರಿ ಪ್ರತಿಯನ್ನೂ ಮಾಡಿಟ್ಟುಕೊಳ್ಳಿ. ಅದಕ್ಕೆ ಬೇಕಾದ ತಂತ್ರಾಂಶ ಅನೇಕ ಮಾದರಿಗಳಲ್ಲಿ ಮೊದಲೇ ಇರುತ್ತದೆ.

ಈಗ ಕೆಲಸ. ಸೆಟ್ಟಿಂಗ್ಸ್‌ನ ‘ಅಬೌಟ್’ನಲ್ಲಿ ಯಾವ ಆವೃತ್ತಿ ಇದೆ ನೋಡಿ. ‘ಸಾಫ್ಟ್‌ವೇರ್ ಅಪ್‌ಡೇಟರ್’ ತೆರೆದು, ಇರುವ ಆವೃತ್ತಿಯ ಎಲ್ಲ ಪರಿಷ್ಕರಣೆಗಳನ್ನು ಮೊದಲು ಹಾಕಿ ಯಂತ್ರವನ್ನು ಮರುಚಾಲೂ ಮಾಡಿ. ಅವಸರದಲ್ಲಿ ಇದನ್ನು ಬಿಟ್ಟರೆ ಮುಂದೆ ಎಡವಟ್ಟಾಗುವ ಸಾಧ್ಯತೆ ಹೆಚ್ಚು. ಬಳಿಕ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ನ ‘ಅಪ್‌ಡೇಟ್ಸ್’ ವಿಭಾಗದಲ್ಲಿ ದೀರ್ಘಾವಧಿ ಆವೃತ್ತಿಗಳ ಸೂಚನೆ ಮಾತ್ರ ಬರುವಂತೆ ಆರಿಸಿ. ಹೊಸ ಎಲ್‌ಟಿಎಸ್ ಬಿಡುಗಡೆಯಾದ ದಿನವೇ ಈ ಸೂಚನೆ ಬರುವುದಿಲ್ಲ, ಮೊದಲ ತಿದ್ದುಪಡಿ ಕಂತು ಬಂದ ಮೇಲೆ ಬರುತ್ತದೆ. ಕಾಯುವುದರಿಂದ ಲಾಭವೇ. 20.04 ಇದ್ದರೆ ನೇರ 24.04ಕ್ಕೆ ಜಿಗಿಯಲಾಗದು, 22.04ರ ಮೂಲಕವೇ ಹೋಗಬೇಕು. ‘ಅಪ್‌ಗ್ರೇಡ್’ ಒತ್ತಿದಾಗ ಹೊರಗಿನ ತಂತ್ರಾಂಶ ಮೂಲಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದೇವೆ ಎಂಬ ಸಂದೇಶ ಬಂದರೆ ಗಾಬರಿ ಬೇಡ.

ನಮ್ಮ ಕಡೆ ನಿಜವಾಗಿ ಯೋಚಿಸಬೇಕಾದವು ಡೇಟಾ ಮತ್ತು ಕರೆಂಟು. ಈ ಪ್ರಕ್ರಿಯೆಗೆ ಎರಡು ಹಂತಗಳಿವೆ, ಎರಡರ ಅಪಾಯವೂ ಬೇರೆ. ಮೊದಲ ಹಂತ ಇಳಿಸಿಕೊಳ್ಳುವುದು. ಇದು ಕೆಲವು ಜಿಬಿ ಆಗಬಹುದು, ದಿನಕ್ಕೆ 1.5 ಅಥವಾ 2 ಜಿಬಿಯ ಮೊಬೈಲ್ ಪ್ಲಾನ್ ನಡುವೆಯೇ ಖಾಲಿಯಾಗಬಹುದು. ಆದರೂ ಹಾನಿಯಿಲ್ಲ. ಇಳಿದ ಕಂತುಗಳು ಡಿಸ್ಕಿನಲ್ಲಿ ಉಳಿದಿರುತ್ತವೆ, ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ಎರಡನೆಯ ಹಂತ ಹಳೆಯ ಕಡತಗಳ ಜಾಗದಲ್ಲಿ ಹೊಸವನ್ನು ಕೂರಿಸುವುದು. ಇಲ್ಲಿ ಯಂತ್ರ ಆರಿದರೆ ವ್ಯವಸ್ಥೆ ಅರ್ಧ ಹಳೆಯದು, ಅರ್ಧ ಹೊಸದಾಗಿ ನಿಂತುಬಿಡುತ್ತದೆ. ಹಾಗಾಗಿ ಬ್ಯಾಟರಿ ಪೂರ್ತಿ ತುಂಬಿಸಿ, ಚಾರ್ಜರ್ ಸಿಕ್ಕಿಸಿಯೇ ಈ ಹಂತ ಆರಂಭಿಸಿ. ಹಳ್ಳಿಯಲ್ಲಿ ಸಿಂಗಲ್ ಫೇಸ್ ಯಾವಾಗ ಹೋಗುತ್ತದೆಂಬುದು ಮನೆಯವರಿಗೆ ಗೊತ್ತಿರುತ್ತದೆ, ಆ ವೇಳೆ ತಪ್ಪಿಸಿ. ನಡುವೆ ಯಾವುದಾದರೂ ಕಡತ ಉಳಿಸಬೇಕೇ, ಬದಲಿಸಬೇಕೇ ಎಂದು ಕೇಳಿದರೆ ಇರುವುದನ್ನೇ ಉಳಿಸಿ. ಕೊನೆಗೆ ಬಳಕೆ ತಪ್ಪಿದ ಪ್ಯಾಕೇಜುಗಳನ್ನು ತೆಗೆಯಲೇ ಎಂದು ಕೇಳುತ್ತದೆ. ಹೊಸ ಯಂತ್ರದಲ್ಲಿ ಸದ್ಯಕ್ಕೆ ‘ಕೀಪ್’ ಎನ್ನಿ, ಕಂಪನಿ ಹಾಕಿದ ಡ್ರೈವರ್ ಆ ಪಟ್ಟಿಯಲ್ಲಿ ಇರಬಹುದು. ಹೊಸ ಕರ್ನಲ್‌ನಲ್ಲಿ ವೈಫೈ ಹತ್ತದಿದ್ದರೆ, ಯಂತ್ರ ಚಾಲೂ ಆಗುವಾಗ ಎಸ್ಕೇಪ್ ಕೀಲಿ ಒತ್ತಿ ‘ಅಡ್ವಾನ್ಸ್ಡ್ ಆಪ್ಷನ್ಸ್’ನಿಂದ ಹಳೆಯ ಕರ್ನಲ್ ಆರಿಸಬಹುದು.

ಕನ್ನಡದ ಕೆಲಸ ಲಿನಕ್ಸಿನಲ್ಲಿ ಆಗದು ಎಂಬ ಮಾತಿಗೆ ಈಗ ಹುರುಳಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಮಕ್ಕಳೂ ಸೇರಿ ಕೇರಳದ ಸರ್ಕಾರಿ ಶಾಲಾ ಮಕ್ಕಳು ಕಲಿಯುವುದು ಅಲ್ಲಿನ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಲಿನಕ್ಸಿನಲ್ಲೇ. ಸಂಸ್ಥೆ 2024ರಲ್ಲಿ ಅದನ್ನು ಉಬುಂಟು 22.04ರ ಆಧಾರದಲ್ಲಿ ಹೊರತಂದಿತು. ಸೆಟ್ಟಿಂಗ್ಸ್‌ನ ‘ಕೀಬೋರ್ಡ್’ನಲ್ಲಿ ಕನ್ನಡದ ಕಗಪ ವಿನ್ಯಾಸ ಸೇರಿಸಿದರೆ, ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಯೂನಿಕೋಡ್ ಕನ್ನಡವನ್ನು ಬಹುಮಟ್ಟಿಗೆ ಅದೇ ಕೀಲಿಗಳಿಂದ ಬರೆಯಬಹುದು. ನುಡಿಯ ಹಳೆಯ ಆಸ್ಕಿ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕು. ವಿದ್ಯಾರ್ಥಿವೇತನ, ಸಿಇಟಿ, ಸೇವಾ ಸಿಂಧು ಅರ್ಜಿಗಳಿಗೆ ಬ್ರೌಸರ್ ಸಾಕು. ಆದರೆ ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮಾಡುವ ಪ್ರೆಸ್ಸಿನವರು, ಬೆರಳಚ್ಚು ಯಂತ್ರ ಜೋಡಿಸಿ ಸೇವಾ ಕೇಂದ್ರ ನಡೆಸುವವರು ಈ ದಾರಿಗೆ ಬರುವ ಮುನ್ನ ತಮ್ಮ ತಂತ್ರಾಂಶ, ಸಾಧನಗಳು ಲಿನಕ್ಸಿನಲ್ಲಿ ನಡೆಯುತ್ತವೆಯೇ ಎಂದು ವಿಚಾರಿಸಲೇಬೇಕು. ಇಲ್ಲದಿದ್ದರೆ ಅವರಿಗೆ ಲೈಸೆನ್ಸಿನ ವಿಂಡೋಸೇ ಸೂಕ್ತ. ಮನೆಯಲ್ಲಿ ಮತ್ತೊಂದು ಹಳೆಯ ಉಬುಂಟು ಯಂತ್ರವಿದ್ದು ಅದನ್ನು ಏರಿಸುವ ಸ್ಥಿತಿ ಇಲ್ಲದಿದ್ದರೆ ಉಬುಂಟು ಪ್ರೊ ಖಾತೆ ಮಾಡಿ. ವೈಯಕ್ತಿಕ ಬಳಕೆಗೆ 5 ಯಂತ್ರಗಳವರೆಗೆ ಅದು ಉಚಿತ, ಭದ್ರತಾ ಪರಿಷ್ಕರಣೆ 10 ವರ್ಷಕ್ಕೆ ವಿಸ್ತರಿಸುತ್ತದೆ.