ಹತ್ತಿಯ ಧೂಳು

ದಾವಣಗೆರೆಯ ಸುತ್ತಲಿನ ಕಪ್ಪು ಮಣ್ಣಿನಲ್ಲಿ ಹತ್ತಿಯು ಹುಲುಸಾಗಿ ಬೆಳೆಯುತ್ತಿತ್ತು. 1930ರ ದಶಕದಲ್ಲಿ ಅಲ್ಲಿ ಹತ್ತಿ ಗಿರಣಿಯು ಆರಂಭವಾಯಿತು. ಮುಂದೆ ಒಂದರ ಹಿಂದೊಂದು ಗಿರಣಿಗಳು ತಲೆಯೆತ್ತಿ, ಆ ಊರು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರು ಪಡೆಯಿತು. ಅಲ್ಲಿಯ ಬಟ್ಟೆಯ ಕೀರ್ತಿ ದೂರದವರೆಗೆ ಹರಡಿತು. ಅದನ್ನು ತಯಾರಿಸಿದವರು ಉಸಿರಾಡಿದ ಗಾಳಿಯ ಮಾತನ್ನು ಆಡಿದವರು ಕಡಮೆ.

ಗಿರಣಿಗೆ ಬರುವ ಹತ್ತಿಯು ಬೆಳ್ಳಗೆ ಕಂಡರೂ ಶುದ್ಧವಾಗಿರುವುದಿಲ್ಲ. ಒಣಗಿದ ಎಲೆಯ ಚೂರು, ಕಾಯಿಯ ಸಿಪ್ಪೆ, ಮಣ್ಣು, ಬ್ಯಾಕ್ಟೀರಿಯ ಇವೆಲ್ಲವೂ ಎಳೆಗಳೊಡನೆ ಬೆರೆತಿರುತ್ತವೆ. ಬೇಲುಗಳನ್ನು ಬಿಚ್ಚಿ ಹತ್ತಿಯನ್ನು ಬಡಿದು ಬಿಡಿಸುವ ‘ಬ್ಲೋ ರೂಮ್’ ಮತ್ತು ಎಳೆಗಳನ್ನು ಬಾಚುವ ‘ಕಾರ್ಡಿಂಗ್’ ವಿಭಾಗಗಳಲ್ಲಿ ಧೂಳು ಬಹಳ ಹೆಚ್ಚು. ತಲೆಗೂದಲ ಮೇಲೆ ಕುಳಿತ ಎಳೆಗಳನ್ನು ಕೊಡವಿಬಿಡಬಹುದು. ಅಪಾಯವಿರುವುದು ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳಲ್ಲಿ; ಅವು ಶ್ವಾಸನಾಳಗಳನ್ನು ಹೊಕ್ಕು ಅವನ್ನು ಕಿರಿದಾಗಿಸುತ್ತವೆ.

ಇದರಿಂದ ಬರುವ ಕಾಯಿಲೆಗೆ ‘ಬಿಸ್ಸಿನೋಸಿಸ್’ ಎಂದು ಹೆಸರು. ಇಟಲಿಯ ವೈದ್ಯರಾದ ರಮಾಜಿನಿಯವರು 18ನೆಯ ಶತಮಾನದ ಆರಂಭದಲ್ಲಿಯೇ ಅಗಸೆಯ ನಾರನ್ನು ಬಾಚುವವರ ಕೆಮ್ಮನ್ನು ಗಮನಿಸಿದ್ದರು. ಈ ಕಾಯಿಲೆಯ ನಡೆ ವಿಚಿತ್ರವಾದುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುತ್ತದೆ, ಮರುದಿನ ಹಗುರವಾಗುತ್ತದೆ. ಸೋಮವಾರದ ಈ ಸಂಕಟವನ್ನು ಸೋಮಾರಿತನವೆಂದು ಬಗೆದವರೂ ಇದ್ದಿರಬಹುದು! ವರ್ಷಗಳು ಉರುಳಿದಂತೆ ಬಾಧೆಯು ವಾರದ ಉಳಿದ ದಿನಗಳಿಗೂ ಹಬ್ಬುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳನ್ನು ಅಭ್ಯಸಿಸಿದ ಷಿಲ್ಲಿಂಗ್ ಎಂಬ ವೈದ್ಯರು ಈ ಹಬ್ಬುವಿಕೆಯನ್ನು ಆಧರಿಸಿಯೇ ಕಾಯಿಲೆಯ ಹಂತಗಳನ್ನು ಗುರುತಿಸಿದರು.

ಭಾರತದಲ್ಲಿ 1948ರ ಕಾರ್ಖಾನೆಗಳ ಅಧಿನಿಯಮವು, ಧೂಳನ್ನು ಅದು ಹುಟ್ಟುವೆಡೆಯಲ್ಲಿಯೇ ಹೀರಿ ಹೊರಹಾಕುವ ಸಾಧನಗಳು ಬೇಕೆಂದು ವಿಧಿಸಿತ್ತು. ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಬಿಸ್ಸಿನೋಸಿಸ್ ಕೂಡ ಸೇರಿತು. ಆದರೆ ತಿಳಿಸುವ ಮುನ್ನ ಅದನ್ನು ಗುರುತಿಸಬೇಕಲ್ಲವೆ? ಎಕ್ಸ್‌ರೇ ಚಿತ್ರದಲ್ಲಿ ಈ ಕಾಯಿಲೆಗೆಂದೇ ಬೇರೆ ಗುರುತಿಲ್ಲ. ಆದುದರಿಂದ ಇದನ್ನು ದಮ್ಮು ಎಂದೋ ಬೀಡಿಯ ಕೆಮ್ಮು ಎಂದೋ ತಿಳಿದುಬಿಡುವುದು ಸುಲಭ. ಬೀಡಿಯಿಂದ ಬಾಧೆ ಹೆಚ್ಚುವುದು ನಿಜ. ಬೀಡಿ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ ಎಂಬುದೂ ಅಷ್ಟೇ ನಿಜ. ರಜೆಯ ಮರುದಿನ ಪಾಳಿಗೆ ಮೊದಲು ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ, ಒಂದು ಸೆಕೆಂಡಿನಲ್ಲಿ ಹೊರಬಿಡುವ ಉಸಿರನ್ನು ಅಳೆದರೆ ವ್ಯತ್ಯಾಸವು ತಿಳಿಯುತ್ತದೆ.

ದಾವಣಗೆರೆಯ ಗಿರಣಿಗಳಲ್ಲಿ ಹಲವು ಕಾಲಕ್ರಮದಲ್ಲಿ ಮುಚ್ಚಿಹೋದವು. ಕಾಯಿಲೆಯ ಆರಂಭದಲ್ಲಿಯೇ ಧೂಳಿನಿಂದ ದೂರ ಸರಿದವರು ಚೇತರಿಸಿಕೊಳ್ಳಬಲ್ಲರು. ಹತ್ತಾರು ವರ್ಷ ಧೂಳಿನಲ್ಲಿ ದುಡಿದು ಕಾಯಿಲೆ ಬಲಿತವರ ಶ್ವಾಸಕೋಶಗಳು ಗಿರಣಿ ಮುಚ್ಚಿದ ಮೇಲೂ ಮೊದಲಿನಂತಾಗುವುದಿಲ್ಲ. ಅಂಥ ವೃದ್ಧರೊಬ್ಬರು ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದಾಗ, “ಗಿರಣಿಯ ಯಾವ ವಿಭಾಗದಲ್ಲಿ ದುಡಿಯುತ್ತಿದ್ದಿರಿ? ಮೊದಮೊದಲು ಎದೆ ಬಿಗಿಯುತ್ತಿದ್ದುದು ವಾರದ ಯಾವ ದಿನ?” ಎಂದು ಕೇಳುವ ವೈದ್ಯರಿಗೆ ಕಾಯಿಲೆಯ ಜಾಡು ದೊರೆಯುತ್ತದೆ.