ಬಿಡಿ ಹಾಳೆ ಕೊಳ್ಳುವ ಮುನ್ನ

ಮಗಳೇ, ಲಂಡನ್ನಿನ ಹಳೇ ಚಿತ್ರದಂಗಡಿಯಲ್ಲಿ ಕಂಡ ಕಾಡುಗಿಡದ ಹಾಳೆ ಮನಸ್ಸಿಗೆ ಹಿಡಿಸಿದೆ, ಕೊಳ್ಳಲೇ ಅಂತ ಕೇಳಿದ್ದೀಯ. ದುಡ್ಡು ಕೊಡುವ ಮುಂಚೆ ನನ್ನ ಮಾತು ಸ್ವಲ್ಪ ಕೇಳು.

ಅದು ವಿಲಿಯಂ ಕರ್ಟಿಸ್‌ನ 'ಫ್ಲೋರಾ ಲಂಡಿನೆನ್ಸಿಸ್' ಪುಸ್ತಕದ್ದು ಅಂದೆಯಲ್ಲ, ಅವನು 1770ರ ದಶಕದಿಂದ ಅದನ್ನು ಕಂತುಕಂತಾಗಿ ಹೊರತಂದ. ಲಂಡನ್ ಸುತ್ತ ತಾನಾಗಿ ಬೆಳೆಯುವ ಹುಲ್ಲು, ಕಳೆ, ಹೂಗಿಡಗಳನ್ನು ನಿಜಗಾತ್ರದಲ್ಲಿ ಬರೆಸಿ, ತಾಮ್ರದ ತಗಡಿನಲ್ಲಿ ಕೊರೆಸಿ, ಅಚ್ಚಾದ ಪ್ರತಿ ಹಾಳೆಗೂ ಕೈಯಲ್ಲೇ ಬಣ್ಣ ಹಾಕಿಸಿದ. ನಾನೂರಕ್ಕೂ ಹೆಚ್ಚು ಚಿತ್ರ! ಬೇಲಿ ಬದಿಯ ಗಿಡಗಳಿಗೆ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. 1787ರಲ್ಲಿ ತೋಟದ ಹೂಗಳ 'ಬೊಟಾನಿಕಲ್ ಮ್ಯಾಗಜೀನ್' ಶುರುಮಾಡಿದ ಮೇಲೆಯೇ ಅವನ ಕೈಯಲ್ಲಿ ಕಾಸು ಆಡಿದ್ದು. ಆ ಪತ್ರಿಕೆಗೆ 1948ರವರೆಗೂ ಕುಂಚದಲ್ಲೇ ಬಣ್ಣ ತುಂಬುತ್ತಿದ್ದರು. ಆದರೂ ನಷ್ಟ ಸಹಿಸಿ ಮಾಡಿದ ಆ ಕಾಡುಗಿಡಗಳ ಕೆಲಸವೇ ನನ್ನ ಲೆಕ್ಕದಲ್ಲಿ ದೊಡ್ಡದು.

ಅಂಗಡಿಗೆ ಹೋಗುವಾಗ ಭೂತಗನ್ನಡಿ ಜೊತೆಗಿರಲಿ. ಎಲೆಯ ಅಂಚಿನ ಮೇಲಿಟ್ಟು ನೋಡು. ಒಂದೇ ಸಮನೆ ಸಾಲುಗಟ್ಟಿದ ಸಣ್ಣ ಚುಕ್ಕೆಗಳು ಕಂಡರೆ ಅದು ಈಚಿನ ಅಚ್ಚು. ಕೈಬಣ್ಣವಾದರೆ ಅಲ್ಲಲ್ಲಿ ಗೆರೆ ದಾಟಿರುತ್ತದೆ, ಒಂದು ಕಡೆ ತೆಳು, ಒಂದು ಕಡೆ ಗಾಢ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಬೆರಳಿಗೆ ತಗಲಬೇಕು. ಹಾಳೆಯ ಅಂಚು ಕತ್ತರಿಸಿದ್ದರೆ ಅದು ಹೋಗಿರಲೂಬಹುದು. ಇಷ್ಟಿದ್ದರೂ ಬಣ್ಣ ಹಳೆಯದೇ ಅಂತ ನಂಬಬೇಡ. ಬಣ್ಣವಿಲ್ಲದ ಹಳೇ ಅಚ್ಚಿಗೆ ಆಮೇಲೆ ಬಣ್ಣ ಬಳಿದು ಬೆಲೆ ಏರಿಸುವುದುಂಟು.

ಎಲೆ ನೀಲಿಗೆ ತಿರುಗಿದ್ದರೆ ಬಹುಶಃ ಬಿಸಿಲು ಕಂಡ ಹಾಳೆ. ಹಸಿರಿಗಾಗಿ ನೀಲಿಯೊಡನೆ ಬೆರೆಸಿದ ಹಳದಿ ಬೇಗ ಮಾಸುತ್ತದೆ. ನೀನೂ ಕಿಟಕಿಯ ಎದುರು ತೂಗುಹಾಕಬೇಡ.

ಇನ್ನೊಂದು ಮಾತು, ಇದೇ ಮುಖ್ಯ. ಇಂಥ ಬಿಡಿ ಹಾಳೆಗಳಲ್ಲಿ ಹೆಚ್ಚಿನವು ಇಡೀ ಪುಸ್ತಕವನ್ನು ಬಿಚ್ಚಿ ಮಾರಿದವು. ಚಿತ್ರ ಗೋಡೆ ಸೇರುತ್ತದೆ. ಗಿಡ ಎಲ್ಲಿ ಬೆಳೆಯುತ್ತದೆ, ಯಾವಾಗ ಹೂಬಿಡುತ್ತದೆ ಎಂದು ಕರ್ಟಿಸ್ ಬರೆದ ಪುಟ ಬೇರೆಯಾಗುತ್ತದೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಚಿತ್ರ, ಬರಹ ಎರಡನ್ನೂ ಬಿಟ್ಟಿಯಾಗಿ ನೋಡಬಹುದು, ಮೊದಲು ಅಲ್ಲಿ ಓದು. ಆಮೇಲೂ ಬೇಕೆನಿಸಿದರೆ ಹಾಳೆ ಎಲ್ಲಿಂದ ಬಂತು ಅಂತ ಅಂಗಡಿಯವರನ್ನು ಕೇಳು. ಈಗಷ್ಟೇ ಪುಸ್ತಕದಿಂದ ಕಿತ್ತದ್ದು ಎಂದು ತಿಳಿದರೆ, ಎಷ್ಟೇ ಚೆಂದವಿದ್ದರೂ ಅಲ್ಲೇ ಬಿಟ್ಟು ಬಾ.